ಸ್ಪೋರ್ಟ್ಸ್ ಕಾರಿನ ಗಾಜಿಗೆ ಸನ್ ಫಿಲ್ಮ್: ಅರವತ್ತರ ಆಸುಪಾಸಿನ ಚಾಲಕರು ಆರಿಸಬೇಕಾದ ಕ್ರಮ

ಬಹುಕಾಲದ ಆಸೆ ತೀರಿಸಿಕೊಂಡು ನಿವೃತ್ತಿಯ ಹೊತ್ತಿಗೆ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಕೊಂಡವರು ಸನ್ ಫಿಲ್ಮ್ ವಿಚಾರದಲ್ಲಿ ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮಟಮಟ ಮಧ್ಯಾಹ್ನ ಅಂಗಡಿಗೆ ಹೋಗುತ್ತಾರೆ, ಬಿಸಿಲಿನಲ್ಲಿ ನಿಂತು ಮಾದರಿ ನೋಡುತ್ತಾರೆ, ಹೆಚ್ಚು ಕಪ್ಪಗಿರುವುದೇ ಹೆಚ್ಚು ತಂಪು ಎಂದು ನಂಬಿ ಹಾಕಿಸಿಕೊಂಡು ಬರುತ್ತಾರೆ. ಮಳೆ ಹನಿಯುವ ಸಂಜೆ ಬಲಗಡೆಯ ಕನ್ನಡಿಯಲ್ಲಿ ಬೈಕ್ ಕಾಣದೇ ಹೋದಾಗ ತಪ್ಪು ಗೊತ್ತಾಗುತ್ತದೆ. ಅಷ್ಟರಲ್ಲಿ ಹಣ ಹೋಗಿರುತ್ತದೆ. ಸಂಚಾರ ಪೊಲೀಸರು ನಿಲ್ಲಿಸಿದರೆ ಫಿಲ್ಮೂ ಹೋಗುತ್ತದೆ.

ಶಾಖ ಬೇರೆ, ಕತ್ತಲೆ ಬೇರೆ. ವಯಸ್ಸಾದ ಚಾಲಕರಿಗೆ ಬೇಕಾಗಿರುವುದು ಶಾಖವನ್ನು ತಡೆದು ಬೆಳಕನ್ನು ಒಳಗೆ ಬಿಡುವ ತಿಳಿಯಾದ ಫಿಲ್ಮ್. ಅದನ್ನು ಆರಿಸಲು ಮೊದಲು ಕಣ್ಣು, ನಂತರ ಗಾಜು, ನಂತರ ಕಾನೂನು, ಕೊನೆಗೆ ಅಂಗಡಿ ಎಂಬ ಕ್ರಮ ಪಾಲಿಸಬೇಕು. ಬಹುಪಾಲು ಜನ ಇದನ್ನು ತಿರುವುಮುರುವಾಗಿ ಮಾಡುತ್ತಾರೆ.

## ಮೊದಲು ಕೈಗೆ ಸಿಗಬೇಕಾದವು

ಇತ್ತೀಚಿನ ಕಣ್ಣಿನ ತಪಾಸಣೆಯ ಚೀಟಿ, ನೀವು ದಿನವೂ ಹಾಕುವ ಕನ್ನಡಕ, ಒಂದು ಟಾರ್ಚ್, ನೀರು ತುಂಬಿದ ಸಣ್ಣ ಸ್ಪ್ರೇ ಬಾಟಲಿ, ಅಂಗಡಿಯಿಂದ ಕೇಳಿ ತಂದ ಅಂಗೈ ಅಗಲದ ಎರಡು ಮೂರು ಫಿಲ್ಮ್ ತುಂಡುಗಳು. ಗಾಜಿನಿಂದ ಎಷ್ಟು ಬೆಳಕು ದಾಟುತ್ತದೆ ಎಂದು ಅಳೆಯುವ ಮೀಟರ್ ಒಳ್ಳೆಯ ಅಂಗಡಿಗಳಲ್ಲಿ ಇರುತ್ತದೆ. ಮೀಟರ್ ಇಲ್ಲದ ಅಂಗಡಿಯಲ್ಲಿ ಈ ಕೆಲಸ ಮಾಡಿಸಬೇಡಿ.

## ಹಂತ 1: ಕಣ್ಣಿನ ವೈದ್ಯರನ್ನು ಮೊದಲು ನೋಡಿ

ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಕತ್ತಲೆಯಲ್ಲೂ ಮೊದಲಿನಷ್ಟು ಹಿಗ್ಗುವುದಿಲ್ಲ. ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ಮುಟ್ಟುವ ಬೆಳಕು ಸುಮಾರು ಮೂರನೇ ಒಂದು ಪಾಲು ಮಾತ್ರ ಎಂಬುದು ನೇತ್ರವಿಜ್ಞಾನದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಅಂದಾಜು. ಅಂದರೆ ಕಣ್ಣಿನೊಳಗೆ ಆಗಲೇ ಒಂದು ಪರದೆ ಬಿದ್ದಿದೆ. ಗಾಜಿಗೆ ಎರಡನೆಯದನ್ನು ಹಾಕುವ ಮುಂಚೆ ಮೊದಲನೆಯದು ಎಷ್ಟು ದಪ್ಪವಿದೆ ಎಂದು ತಿಳಿದಿರಬೇಕು.

ವೈದ್ಯರ ಬಳಿ "ಕನ್ನಡಕದ ನಂಬರ್ ನೋಡಿ" ಎಂದಷ್ಟೇ ಹೇಳಿ ಬರಬೇಡಿ. ಮೂರು ವಿಷಯ ಕೇಳಿ. ಪೊರೆ ಶುರುವಾಗಿದೆಯೇ? ಮಬ್ಬಿನಲ್ಲಿ ಬೂದು ಬಣ್ಣದ ವಸ್ತುವನ್ನು ಬೂದು ರಸ್ತೆಯಿಂದ ಬೇರ್ಪಡಿಸಿ ನೋಡುವ ಶಕ್ತಿ ಹೇಗಿದೆ? ಎದುರಿನ ಹೆಡ್‌ಲೈಟ್ ಕಣ್ಣಿಗೆ ಬಿದ್ದ ಮೇಲೆ ನೋಟ ಮರಳಲು ಬಹಳ ಹೊತ್ತು ಬೇಕಾಗುತ್ತಿದೆಯೇ? ಗೋಡೆಯ ಮೇಲಿನ ಅಕ್ಷರಪಟ್ಟಿ ಕೊನೆಯ ಸಾಲಿನವರೆಗೂ ಓದುವವರಲ್ಲೂ ಎರಡನೆಯ ಮತ್ತು ಮೂರನೆಯ ತೊಂದರೆ ಇರಬಹುದು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಪೆಟ್ಟಾದವರು, ಗ್ಲಾಕೋಮಾ ಇರುವವರು ಇದನ್ನು ಕೇಳದೆ ಮುಂದುವರಿಯಲೇಬಾರದು.

ಪೊರೆಯ ಶಸ್ತ್ರಚಿಕಿತ್ಸೆ ಈ ವರ್ಷವೇ ಆಗಬೇಕೆಂದಿದ್ದರೆ ಫಿಲ್ಮ್ ಕೆಲಸವನ್ನು ಮುಂದೂಡಿ. ಚಿಕಿತ್ಸೆಯ ನಂತರ ಬಣ್ಣ, ಬೆಳಕು, ಪ್ರಖರತೆ ಎಲ್ಲವೂ ಬೇರೆಯಾಗಿ ಕಾಣುತ್ತವೆ. ಹಳೆಯ ಕಣ್ಣಿಗೆ ಆರಿಸಿದ ಫಿಲ್ಮ್ ಹೊಸ ಕಣ್ಣಿಗೆ ಹೊಂದಬೇಕೆಂದಿಲ್ಲ.

ಎಚ್ಚರಿಕೆಯ ಚಿಹ್ನೆ: ಬೀದಿದೀಪದ ಸುತ್ತ ಬಳೆಯಂತೆ ಬೆಳಕು ಕಾಣುವುದು, ಸಂಜೆಯ ಹೊತ್ತು ರಸ್ತೆಯ ಬಿಳಿ ಗೆರೆ ಹುಡುಕಬೇಕಾಗುವುದು, ಮನೆಯವರು "ರಾತ್ರಿ ನಿಧಾನ ಮಾಡಿದ್ದೀರಿ" ಎನ್ನುವುದು. ಇವುಗಳಲ್ಲಿ ಒಂದಿದ್ದರೂ ಚಾಲಕನ ಪಕ್ಕದ ಗಾಜಿಗೆ ಬೆಳಕು ಕಡಿಮೆ ಮಾಡುವ ಯಾವ ಫಿಲ್ಮೂ ಬೇಡ.

## ಹಂತ 2: ನಿಮ್ಮ ತೊಂದರೆ ಯಾವುದೆಂದು ಬೇರ್ಪಡಿಸಿ

"ಬಿಸಿಲು ತಡೆಯಲಾಗುತ್ತಿಲ್ಲ" ಎಂಬ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ತೊಂದರೆಗಳಿರುತ್ತವೆ. ನಾಲ್ಕಕ್ಕೂ ಫಿಲ್ಮ್ ಮದ್ದಲ್ಲ.

ಕಾರಿನೊಳಗಿನ ಸೆಕೆಗೆ ಶಾಖ ತಡೆಯುವ ಫಿಲ್ಮ್ ಉಪಯುಕ್ತ. ರಾಯಚೂರು, ಬಳ್ಳಾರಿ, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಕಾರು ನಿಲ್ಲಿಸುವವರಿಗೆ ಅದು ಅಗತ್ಯವೇ ಸರಿ.

ಎರಡನೆಯದು ಚರ್ಮ. ಮುಂಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಾಡಿದ್ದು. ಅದು ನೇರಳಾತೀತ ಕಿರಣಗಳನ್ನು ಬಹುತೇಕ ತಡೆಯುತ್ತದೆ. ಪಕ್ಕದ ಗಾಜು ಸಾಮಾನ್ಯವಾಗಿ ಒಂದೇ ಪದರದ ಗಟ್ಟಿಗೊಳಿಸಿದ ಗಾಜು. ದೀರ್ಘ ತರಂಗದ ನೇರಳಾತೀತ ಕಿರಣ ಅದರಿಂದ ಸಾಕಷ್ಟು ದಾಟುತ್ತದೆ. ಅಮೆರಿಕದಲ್ಲಿ 28 ವರ್ಷ ಟ್ರಕ್ ಓಡಿಸಿದ 69ರ ಚಾಲಕರೊಬ್ಬರ ಮುಖದ ಎಡಭಾಗ ಮಾತ್ರ ಸುಕ್ಕುಗಟ್ಟಿ ದಪ್ಪವಾಗಿದ್ದ ಚಿತ್ರ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಗಿತ್ತು. ಅಲ್ಲಿ ಕಿಟಕಿ ಚಾಲಕನ ಎಡಕ್ಕೆ, ನಮ್ಮಲ್ಲಿ ಬಲಕ್ಕೆ. ವರ್ಷಗಟ್ಟಲೆ ಓಡಿಸಿದವರು ತಮ್ಮ ಎರಡೂ ಮುಂಗೈಗಳನ್ನು ಪಕ್ಕಪಕ್ಕ ಇಟ್ಟು ನೋಡಿಕೊಳ್ಳಿ. ಇದಕ್ಕೆ ಕಪ್ಪು ಬೇಕಾಗಿಲ್ಲ. ಬಣ್ಣವೇ ಇಲ್ಲದ ಒಳ್ಳೆಯ ಫಿಲ್ಮ್ ಶೇ 99ರಷ್ಟು ನೇರಳಾತೀತ ಕಿರಣಗಳನ್ನು ತಡೆಯುತ್ತದೆ.

ಮೂರನೆಯದು ಎದುರು ಬಿಸಿಲು. ಸಂಜೆ ಬೆಂಗಳೂರಿನಿಂದ ಮೈಸೂರಿನ ಕಡೆ ಹೊರಟರೆ ಸೂರ್ಯ ಮುಖಕ್ಕೇ ಹೊಡೆಯುತ್ತಾನೆ. ಪಕ್ಕದ ಗಾಜಿನ ಫಿಲ್ಮ್ ಇದಕ್ಕೇನೂ ಮಾಡದು. ಬಿಸಿಲು ಕನ್ನಡಕ ಬೇಕು. ಬಿಸಿಲಿಗೆ ತಾನೇ ಕಪ್ಪಾಗುವ ಕನ್ನಡಕವನ್ನು ನೆಚ್ಚಿಕೊಳ್ಳಬೇಡಿ: ಅದು ಕಪ್ಪಾಗುವುದು ನೇರಳಾತೀತ ಕಿರಣದಿಂದ, ಮುಂಗಾಜು ಆ ಕಿರಣವನ್ನೇ ತಡೆಯುವುದರಿಂದ ಕಾರಿನೊಳಗೆ ಹೆಚ್ಚಿನವು ಸರಿಯಾಗಿ ಕಪ್ಪಾಗುವುದಿಲ್ಲ. ಕಾರಿಗೆಂದೇ ಬೇರೆ ಬಿಸಿಲು ಕನ್ನಡಕ ಇಡಿ. ಪೋಲರೈಸ್ಡ್ ಕನ್ನಡಕವಾದರೆ ಕೊಳ್ಳುವ ಮುಂಚೆ ಅದನ್ನು ಹಾಕಿಕೊಂಡು ಡ್ಯಾಶ್‌ಬೋರ್ಡ್ ಪರದೆ ನೋಡಿ; ಕೆಲವು ಕೋನಗಳಲ್ಲಿ ಪರದೆ ಪೂರ್ತಿ ಕಪ್ಪಾಗುವುದುಂಟು, ಪಕ್ಕದ ಗಾಜಿನಲ್ಲಿ ಚುಕ್ಕೆಚುಕ್ಕೆಯ ವಿನ್ಯಾಸ ಕಾಣುವುದುಂಟು.

ನಾಲ್ಕನೆಯದು ರಾತ್ರಿಯ ಹೆಡ್‌ಲೈಟ್. ಸ್ಪೋರ್ಟ್ಸ್ ಕಾರಿನಲ್ಲಿ ಕೂರುವುದು ನೆಲಕ್ಕೆ ಹತ್ತಿರ, ಹಿಂದೆ ಬರುವ ಎಸ್‌ಯುವಿಯ ದೀಪ ನೇರ ಕಣ್ಣಿನ ಮಟ್ಟಕ್ಕೆ. ಇದರಿಂದ ಬೇಸತ್ತವರೇ ಹೆಚ್ಚಾಗಿ ಕಪ್ಪು ಫಿಲ್ಮ್ ಕೇಳುವುದು. ದಯವಿಟ್ಟು ಕೇಳಬೇಡಿ. ಫಿಲ್ಮ್ ಆ ದೀಪವನ್ನು ಒಂದಿಷ್ಟು ಮಂಕಾಗಿಸುವಾಗ ದೀಪವಿಲ್ಲದ ಸೈಕಲ್, ರಸ್ತೆ ದಾಟುವ ಮನುಷ್ಯ, ಕಪ್ಪು ಎಮ್ಮೆ ಎಲ್ಲವನ್ನೂ ಅಷ್ಟೇ ಮಂಕಾಗಿಸುತ್ತದೆ. ದೀಪ ಆಗಲೂ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ತಾನಾಗಿ ಮಂಕಾಗುವ ಒಳಗನ್ನಡಿ, ಪ್ರತಿಫಲನ ತಡೆಯುವ ಲೇಪವಿರುವ ಕನ್ನಡಕ, ಮುಂಗಾಜಿನ ಒಳಮೈಯನ್ನು ವಾರಕ್ಕೊಮ್ಮೆ ಒರೆಸುವುದು ಇವು ನಿಜವಾದ ಪರಿಹಾರ. ಒಳಮೈ ಮೇಲೆ ಕೂರುವ ತೆಳು ಜಿಡ್ಡು ಎದುರು ಬೆಳಕನ್ನು ಎಷ್ಟು ಹರಡುತ್ತದೆಂದು ಒರೆಸಿದ ಆ ರಾತ್ರಿಯೇ ತಿಳಿಯುತ್ತದೆ.

## ಹಂತ 3: ಈಗಿರುವ ಗಾಜನ್ನು ಅಳೆಯಿರಿ

ಕಾರಿನ ಗಾಜು ಪೂರ್ತಿ ತಿಳಿಯಲ್ಲ. ಕಾರ್ಖಾನೆಯಿಂದಲೇ ತೆಳು ಹಸಿರು ಛಾಯೆ ಇರುತ್ತದೆ. ಬೆಳಕು ಶೇ 70ರಿಂದ 80ರ ಮಧ್ಯೆ ದಾಟುವುದು ಸಾಮಾನ್ಯ. ಫಿಲ್ಮ್ ಹಾಕಿದಾಗ ಎರಡೂ ಒಂದಕ್ಕೊಂದು ಗುಣಿಸಲ್ಪಡುತ್ತವೆ. ಅತಿ ಹೆಚ್ಚು ಜನ ತಪ್ಪುವುದು ಇಲ್ಲಿಯೇ.

ಪಕ್ಕದ ಗಾಜು ಶೇ 75 ಬೆಳಕು ಬಿಡುತ್ತದೆ ಎಂದಿಟ್ಟುಕೊಳ್ಳಿ. ಅಂಗಡಿಯವರು "ಕಾನೂನು ಪ್ರಕಾರ 50 ಇದ್ದರೆ ಸಾಕು" ಎಂದು 50ರ ಫಿಲ್ಮ್, ಅಂದರೆ ಶೇ 50 ಬೆಳಕು ಬಿಡುವ ಫಿಲ್ಮ್, ಹಚ್ಚಿದರೆ ಉಳಿಯುವುದು 50 ಅಲ್ಲ, ಶೇ 37.5. ಕಾನೂನು ಅಲ್ಲಿಗೇ ಮುರಿಯಿತು. ಅದೇ ಗಾಜಿಗೆ 70ರ ಫಿಲ್ಮ್ ಹಚ್ಚಿದರೆ ಶೇ 52.5. ಗಾಜೇ 72 ಇದ್ದರೆ 70ರ ಫಿಲ್ಮ್ ಸೇರಿ ಶೇ 50.4, ಮೀಟರ್‌ನ ಒಂದೆರಡು ಅಂಕದ ಏರುಪೇರು ಸಾಕು ದಂಡ ಬೀಳಲು. ಅಲ್ಲಿ 75 ಅಥವಾ 80ರ ಫಿಲ್ಮ್ ಕೇಳಿ. ಈ ಲೆಕ್ಕ ಅಂದಾಜಿನದು. ಕೊನೆಯ ಮಾತು ಮೀಟರ್‌ನದು.

ಮುಂಗಾಜಿಗೂ ಇದೇ ಲೆಕ್ಕ. 74ರ ಮುಂಗಾಜಿಗೆ 90ರ "ತಿಳಿ" ಫಿಲ್ಮ್ ಹಚ್ಚಿದರೂ ಶೇ 66.6ಕ್ಕೆ ಇಳಿಯುತ್ತದೆ. ಮುಂಗಾಜಿಗೆ ಕಾನೂನು ಕೇಳುವುದು ಶೇ 70. ಆದ್ದರಿಂದ ಮುಂಗಾಜನ್ನು ಮುಟ್ಟಬೇಡಿ. ನನ್ನ ಅಭಿಪ್ರಾಯದಲ್ಲಿ ಅರವತ್ತು ದಾಟಿದವರ ಮಟ್ಟಿಗೆ ಇದು ಚರ್ಚೆಗೇ ಬಿಡಬೇಕಾದ ವಿಷಯವಲ್ಲ.

ಟಾರ್ಚ್ ಹಿಡಿದು ಪ್ರತಿ ಗಾಜಿನ ಮೂಲೆಯಲ್ಲಿರುವ ಬಿಳಿ ಮುದ್ರೆ ನೋಡಿ. ಬಿಎಂಡಬ್ಲ್ಯೂ ಝಡ್4, ಪೋರ್ಷೆ 718, ಫೋರ್ಡ್ ಮಸ್ಟಾಂಗ್‌ನಂಥ ಕಾರುಗಳಲ್ಲಿ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಜೊತೆಗೊಂದು ಸಂಖ್ಯೆ, ಪಕ್ಕದಲ್ಲಿ 43ಆರ್ ಎಂಬ ಗುರುತು ಇರುವುದುಂಟು. ಅದು ಐರೋಪ್ಯ ಗಾಜಿನ ಮಾನದಂಡದ ಗುರುತು. ಅದರ ಹತ್ತಿರ ರೋಮನ್ ಅಂಕಿ ಐದು ಇದ್ದರೆ ಆ ಗಾಜು ಕಾರ್ಖಾನೆಯಿಂದಲೇ ಶೇ 70ಕ್ಕಿಂತ ಕಡಿಮೆ ಬೆಳಕು ಬಿಡುವಂಥದ್ದು. ಅಂಥ ಗಾಜಿಗೆ ಇನ್ನೊಂದು ಪದರ ಸೇರಿಸಬೇಡಿ.

ಸ್ಪೋರ್ಟ್ಸ್ ಕಾರಿನಲ್ಲಿ ಇನ್ನೂ ಒಂದು ವಿಷಯ. ಹಿಂಗಾಜು ಬಹಳ ಓರೆಯಾಗಿ ಮಲಗಿರುತ್ತದೆ. ಮೀಟರ್ ಗಾಜಿಗೆ ನೇರವಾಗಿ ಅಳೆಯುತ್ತದೆ, ನಿಮ್ಮ ನೋಟ ಓರೆಯಾಗಿ ಹಾಯುತ್ತದೆ. ಓರೆಯಾದಷ್ಟೂ ಬೆಳಕು ಹೆಚ್ಚು ಪ್ರತಿಫಲಿಸಿ ಕಡಿಮೆ ಒಳಬರುತ್ತದೆ. ಛಾವಣಿ ಹೊರುವ ಹಿಂದಿನ ಕಂಬಗಳೂ ದಪ್ಪ, ಕಾಣುವ ಕಿಂಡಿಯೇ ಸಣ್ಣದು. ಹಿಂಗಾಜಿಗೆ ಏನೂ ಹಾಕದಿರುವುದು ಒಳ್ಳೆಯದು.

## ಹಂತ 4: ಕಾನೂನು ಎಲ್ಲಿ ನಿಂತಿದೆ ತಿಳಿಯಿರಿ

ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂಗಾಜು ಮತ್ತು ಹಿಂಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ 50 ಬೆಳಕು ದಾಟಬೇಕು. 2012ರ ಏಪ್ರಿಲ್ 27ರಂದು ಅವಿಶೇಕ್ ಗೋಯೆಂಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಾಜಿನ ಮೇಲೆ ಯಾವುದೇ ಪ್ರಮಾಣದ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಝಡ್ ಮತ್ತು ಝಡ್ ಪ್ಲಸ್ ಭದ್ರತೆಯವರಿಗೆ ಮಾತ್ರ ವಿನಾಯಿತಿ.

ಆಮೇಲೆ ನಿಯಮಕ್ಕೇ ತಿದ್ದುಪಡಿ ಬಂದು, ಸುರಕ್ಷತಾ ಗಾಜಿನ ಭಾರತೀಯ ಮಾನದಂಡವಾದ ಐಎಸ್ 2553 ಭಾಗ 2ರ 2019ರ ಪರಿಷ್ಕೃತ ರೂಪಕ್ಕೆ ಹೊಂದುವ, ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಸುರಕ್ಷತಾ ಗಾಜಿಗೆ 2021ರ ಏಪ್ರಿಲ್ 1ರಿಂದ ಅವಕಾಶವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಬೆಳಕಿನ ಮಿತಿ ಪಾಲಿಸಿದರೆ ಮಾಲೀಕರೂ ಇಂಥ ಫಿಲ್ಮ್ ಬಳಸಬಹುದು, ದಂಡ ಹಾಕುವಂತಿಲ್ಲ ಎಂದಿತು. ಇದು ಕೇರಳದ ತೀರ್ಪು. ಕರ್ನಾಟಕದ ರಸ್ತೆಯಲ್ಲಿ ನಿಲ್ಲಿಸುವ ಅಧಿಕಾರಿ 2012ರ ನಿಷೇಧವನ್ನೇ ಮುಂದಿಡಬಹುದು. ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಅಡಿ ದಂಡ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500ರವರೆಗೆ. ದಂಡಕ್ಕಿಂತ ದೊಡ್ಡ ನಷ್ಟ, ದುಬಾರಿ ಫಿಲ್ಮನ್ನು ರಸ್ತೆ ಬದಿಯಲ್ಲಿ ಕೀಳಿಸುವುದು. ಆದ್ದರಿಂದ ಹಣ ಕೊಡುವ ಮುಂಚೆ ನಿಮ್ಮ ಊರಿನ ಸಂಚಾರ ಠಾಣೆ ಅಥವಾ ಆರ್‌ಟಿಒ ಕಚೇರಿಯಲ್ಲಿ ಕೇಳಿ. "ಎಲ್ಲರೂ ಹಾಕಿಸುತ್ತಾರೆ, ಏನೂ ಆಗುವುದಿಲ್ಲ" ಎನ್ನುವ ಅಂಗಡಿಯವರು ದಂಡ ಕಟ್ಟಲು ಬರುವುದಿಲ್ಲ. ವಯಸ್ಸಿನ ಕಾರಣಕ್ಕೆ ಈ ನಿಯಮದಲ್ಲಿ ರಿಯಾಯಿತಿ ಇಲ್ಲ.

ಮಕ್ಕಳ ಜೊತೆ ಹೊರದೇಶದಲ್ಲಿ ನೆಲೆಸಿ ಅಲ್ಲಿ ಕಾರು ಓಡಿಸುವವರಿಗೆ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಮುಂದಿನ ಪಕ್ಕದ ಗಾಜಿಗೆ ಶೇ 70, ಟೆಕ್ಸಾಸ್‌ನಲ್ಲಿ ಶೇ 25, ಬ್ರಿಟನ್‌ನಲ್ಲಿ ಮುಂಗಾಜಿಗೆ 75 ಮತ್ತು ಮುಂದಿನ ಪಕ್ಕದ ಗಾಜಿಗೆ 70. ಟೆಕ್ಸಾಸ್ 25ಕ್ಕೆ ಬಿಡುತ್ತದೆ ಎಂದ ಮಾತ್ರಕ್ಕೆ ನಿಮ್ಮ ಕಣ್ಣು ಅದಕ್ಕೆ ಒಪ್ಪುತ್ತದೆ ಎಂದಲ್ಲ.

## ಹಂತ 5: ಫಿಲ್ಮಿನ ಬಗೆ ಆರಿಸಿ

ಬಣ್ಣ ಹಾಕಿದ ಅಗ್ಗದ ಫಿಲ್ಮ್ ಕೆಲವೇ ವರ್ಷಗಳಲ್ಲಿ ನೇರಳೆಗೆ ತಿರುಗುತ್ತದೆ, ಶಾಖವನ್ನೂ ಹೆಚ್ಚು ತಡೆಯುವುದಿಲ್ಲ. ಲೋಹದ ಪದರವಿರುವುದು ಮೊಬೈಲ್, ಜಿಪಿಎಸ್, ಫಾಸ್ಟ್ಯಾಗ್ ಸಂಕೇತಗಳಿಗೆ ಅಡ್ಡಿಯಾಗಬಹುದು. ರಾತ್ರಿ ಒಳಗಿನ ದೀಪಗಳನ್ನು ಕನ್ನಡಿಯಂತೆ ಪ್ರತಿಫಲಿಸುತ್ತದೆ. ಇಂಗಾಲದ ಫಿಲ್ಮ್ ಮಧ್ಯಮ. ಸೆರಾಮಿಕ್ ಫಿಲ್ಮ್ ದುಬಾರಿ, ಆದರೆ ತಿಳಿಯಾಗಿದ್ದೂ ಶಾಖ ತಡೆಯುವುದು ಅದೇ. ವಯಸ್ಸಾದವರು ಹಣ ಉಳಿಸಬಾರದ ಜಾಗ ಇದು. ಎಲ್ಲ ಗಾಜಿಗೂ ಅಗ್ಗದ್ದು ಹಾಕಿಸುವುದಕ್ಕಿಂತ ಪಕ್ಕದ ಎರಡು ಗಾಜಿಗೆ ಮಾತ್ರ ಒಳ್ಳೆಯದನ್ನು ಹಾಕಿಸಿ.

ಅಂಗಡಿಯಲ್ಲಿ ಕೆಂಪು ದೀಪದ ಮುಂದೆ ಫಿಲ್ಮ್ ಹಿಡಿದು ಅದರ ಹಿಂದೆ ನಿಮ್ಮ ಕೈ ಇಡಲು ಹೇಳುತ್ತಾರೆ. ಕೈಗೆ ಬಿಸಿ ತಾಗುವುದಿಲ್ಲ, ಮನಸ್ಸು ಒಪ್ಪುತ್ತದೆ. ಆ ದೀಪ ಹೆಚ್ಚಾಗಿ ಹೊರಸೂಸುವುದು ಅವಕೆಂಪು ಕಿರಣ. ಸೂರ್ಯನ ಶಾಖದಲ್ಲಿ ಅವಕೆಂಪಿನ ಪಾಲು ಸುಮಾರು ಅರ್ಧ; ಉಳಿದದ್ದರ ಬಹುಪಾಲು ಕಣ್ಣಿಗೆ ಕಾಣುವ ಬೆಳಕಿನದು. "ಶೇ 95 ಅವಕೆಂಪು ತಡೆ" ಎಂಬ ಬರಹ ನೋಡಿ ಶೇ 95 ಶಾಖ ಹೋಯಿತೆಂದು ತಿಳಿಯಬೇಡಿ. ಕೇಳಬೇಕಾದ ಸಂಖ್ಯೆ ಒಟ್ಟು ಸೌರಶಕ್ತಿ ತಡೆ. ವಿವರಪತ್ರದಲ್ಲಿ ಅದನ್ನು ಟಿಎಸ್‌ಇಆರ್ ಎಂದು ಬರೆದಿರುತ್ತಾರೆ. 70ರ ತಿಳಿ ಫಿಲ್ಮಿನಲ್ಲಿ ಆ ಸಂಖ್ಯೆ 50ರ ಹತ್ತಿರವಿದ್ದರೆ ಒಳ್ಳೆಯ ಮಾಲು. ಆ ಸಂಖ್ಯೆ ಹೇಳಲು ಹಿಂಜರಿದರೆ ಬೇರೆ ಅಂಗಡಿ ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಪಕ್ಕದಲ್ಲೇ ಇನ್ನೊಂದು ಇರುತ್ತದೆ.

## ಹಂತ 6: ತುಂಡು ಅಂಟಿಸಿ ಸಂಜೆ ಪರೀಕ್ಷಿಸಿ

ಇದನ್ನು ಬಿಟ್ಟವರೇ ಹೆಚ್ಚು ಪಶ್ಚಾತ್ತಾಪ ಪಡುವುದು. ಅಂಗಡಿಯಿಂದ ತಂದ ತುಂಡಿನ ಹಿಂಬದಿಯ ಹಾಳೆ ತೆಗೆಯದೆ, ಬಲಗಡೆಯ ಗಾಜಿನ ಒಳಮೈಗೆ ನೀರು ಚಿಮುಕಿಸಿ ಅಂಟಿಸಿ. ಎಲ್ಲೆಂದರಲ್ಲಿ ಅಲ್ಲ: ನೀವು ಸೀಟಿನಲ್ಲಿ ಕುಳಿತು ಬಲಗನ್ನಡಿ ನೋಡುವಾಗ ನೋಟ ಗಾಜನ್ನು ದಾಟುವ ಜಾಗದಲ್ಲಿ, ಕನ್ನಡಿಯ ಅರ್ಧ ಫಿಲ್ಮಿನ ಹಿಂದೆ, ಅರ್ಧ ಬರಿ ಗಾಜಿನ ಹಿಂದೆ ಬರುವಂತೆ.

ಸೂರ್ಯ ಮುಳುಗಿ ಅರ್ಧ ಗಂಟೆಯ ನಂತರ ಕಾರು ನಿಲ್ಲಿಸಿಕೊಂಡೇ ಕುಳಿತು ನೋಡಿ. ಕಡು ಬಣ್ಣದ ಬಟ್ಟೆ ತೊಟ್ಟ ಮನೆಯವರೊಬ್ಬರನ್ನು ಹಿಂದಿನಿಂದ ನಡೆದು ಬರಲು ಹೇಳಿ. ಬರಿ ಗಾಜಿನ ಅರ್ಧದಲ್ಲಿ ಕಂಡವರು ಫಿಲ್ಮಿನ ಅರ್ಧದಲ್ಲೂ ಅದೇ ಕ್ಷಣಕ್ಕೆ ಕಾಣಬೇಕು. ಎರಡು ಹೆಜ್ಜೆ ತಡವಾಗಿ ಕಂಡರೂ ಆ ಫಿಲ್ಮ್ ನಿಮಗಲ್ಲ. ದೂರದ ಬೀದಿದೀಪವನ್ನು ಫಿಲ್ಮಿನ ಮೂಲಕ ನೋಡಿ. ಸುತ್ತ ಹಾಲಿನಂಥ ಮಸುಕು ಹರಡಿದರೆ ಅದು ಫಿಲ್ಮಿನ ದೋಷ, ಬೆಳಕಿನ ಅಂಕ ಎಷ್ಟೇ ಒಳ್ಳೆಯದಿದ್ದರೂ ಬೇಡ. ಹಿಂಬದಿಯ ಹಾಳೆಯೇ ಸ್ವಲ್ಪ ಮಸುಕು ತರುವುದುಂಟು. ಸಂಶಯವಿದ್ದರೆ ಹಾಳೆ ತೆಗೆದ ತುಂಡಿನಿಂದ ಮತ್ತೊಮ್ಮೆ ನೋಡಿ.

ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಓಡಿಸುವವರು ಇದೇ ಪರೀಕ್ಷೆಯನ್ನು ಹಗಲಿನಲ್ಲಿ ದಟ್ಟ ಮರದ ನೆರಳಿನಡಿಯೂ ಮಾಡಿ. ಬಿಸಿಲಿನಿಂದ ನೆರಳಿಗೆ ತಟ್ಟನೆ ನುಗ್ಗಿದಾಗ ವಯಸ್ಸಾದ ಕಣ್ಣು ಹೊಂದಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ.

## ಹಂತ 7: ಅಂಟಿಸುವ ದಿನ

ಹೋಗುವ ಮುಂಚೆ ಕಾರು ತೊಳೆಸಿ. ಧೂಳಿಲ್ಲದ, ಮುಚ್ಚಿದ ಕೊಠಡಿಯಲ್ಲಿ ಕೆಲಸ ಮಾಡುತ್ತಾರೆಯೇ ನೋಡಿ. ರಸ್ತೆ ಬದಿಯಲ್ಲಿ ಅಂಟಿಸಿದ್ದರಲ್ಲಿ ಧೂಳಿನ ಕಣ ಕೂರುವುದು ಖಚಿತ. ಅಂಟಿಸುವಾಗ ಸೋಪು ನೀರು ಧಾರಾಳವಾಗಿ ಸುರಿಯುತ್ತಾರೆ. ಬಾಗಿಲಿನ ಸ್ವಿಚ್, ಸ್ಪೀಕರ್, ಸೀಟುಗಳಿಗೆ ಟವೆಲ್ ಮುಚ್ಚಲು ಹೇಳಿ. ಫಿಲ್ಮನ್ನು ಗಾಜಿನ ಮೇಲಿಟ್ಟು ಬ್ಲೇಡ್‌ನಿಂದ ಕತ್ತರಿಸಲು ಬಿಡಬೇಡಿ, ಗೀರು ಉಳಿಯುತ್ತದೆ. ಯಂತ್ರದಲ್ಲಿ ಅಳತೆಗೆ ಕತ್ತರಿಸಿದ ಫಿಲ್ಮ್ ಕೇಳಿ.

ಸ್ಪೋರ್ಟ್ಸ್ ಕಾರುಗಳಲ್ಲಿ ಹಲವಕ್ಕೆ ಬಾಗಿಲಿನ ಗಾಜಿನ ಸುತ್ತ ಚೌಕಟ್ಟಿರುವುದಿಲ್ಲ. ಬಾಗಿಲು ತೆರೆದ ಕೂಡಲೇ ಗಾಜು ಒಂದಿಷ್ಟು ಕೆಳಗಿಳಿದು, ಮುಚ್ಚಿದಾಗ ಮೇಲೇರಿ ರಬ್ಬರಿನೊಳಗೆ ಕೂರುತ್ತದೆ. ಪ್ರತಿ ಸಲವೂ ಫಿಲ್ಮಿನ ಮೇಲಂಚು ರಬ್ಬರಿಗೆ ಉಜ್ಜುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟು ಅಂಟಿಸಬೇಕು. ಇಂಥ ಕಾರಿಗೆ ಮೊದಲು ಅಂಟಿಸಿದ ಅನುಭವವಿದೆಯೇ ಎಂದು ನೇರವಾಗಿ ಕೇಳಿ. ಹಳೆಯ ಮಡಚುವ ಛಾವಣಿಯ ಕಾರುಗಳ ಹಿಂಬದಿ ಕಿಟಕಿ ಪ್ಲಾಸ್ಟಿಕ್‌ನದಾಗಿದ್ದರೆ ಅಲ್ಲಿ ಫಿಲ್ಮ್ ಬೇಡವೇ ಬೇಡ.

ಹೊರಡುವ ಮುಂಚೆ ಪಕ್ಕದ ಎರಡೂ ಗಾಜುಗಳನ್ನು ಮೀಟರ್‌ನಲ್ಲಿ ಅಳೆಸಿ, ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಳ್ಳಿ. ಐಎಸ್ 2553 ಪ್ರಮಾಣಪತ್ರ, ಫಿಲ್ಮಿನ ಹೆಸರು ಮತ್ತು ಬೆಳಕಿನ ಅಂಕ ಬರೆದ ಬಿಲ್ಲು, ವಾರಂಟಿ ಚೀಟಿ ಮೂರನ್ನೂ ಕೇಳಿ ಪಡೆದು ಆರ್‌ಸಿ ಜೊತೆ ಕಾರಿನಲ್ಲೇ ಇಡಿ.

## ಹಂತ 8: ನಂತರದ ವಾರಗಳು

ಮೂರರಿಂದ ಐದು ದಿನ ಗಾಜು ಇಳಿಸಬೇಡಿ. ಚೌಕಟ್ಟಿಲ್ಲದ ಬಾಗಿಲಾದರೆ ಆ ದಿನಗಳಲ್ಲಿ ಕಾರನ್ನು ಆದಷ್ಟು ಕಡಿಮೆ ತೆಗೆಯಿರಿ. ಸಣ್ಣ ನೀರ ಗುಳ್ಳೆ, ತೆಳು ಮಂಜು ಎರಡು ಮೂರು ವಾರಗಳಲ್ಲಿ ಒಣಗುತ್ತವೆ. ಮಳೆಗಾಲದಲ್ಲಿ ಇನ್ನೂ ತಡವಾಗಬಹುದು. ಒಳಗೆ ಧೂಳಿನ ಗಟ್ಟಿ ಕಣವಿದ್ದರೆ ಅದು ಒಣಗಿ ಹೋಗುವಂಥದ್ದಲ್ಲ, ಮತ್ತೆ ಅಂಟಿಸಿಕೊಡಲು ಕೇಳಿ. ಅಮೋನಿಯ ಇರುವ ಗಾಜಿನ ದ್ರಾವಣ ಬಳಸಬೇಡಿ. ಮೆತ್ತನೆಯ ಬಟ್ಟೆ, ನೀರು ಸಾಕು.

ಮೊದಲ ರಾತ್ರಿ ಸವಾರಿ ಪರಿಚಿತ ರಸ್ತೆಯಲ್ಲಿ, ಜೊತೆಗೊಬ್ಬರನ್ನು ಕೂರಿಸಿಕೊಂಡು ಆಗಲಿ. ಆಮೇಲೆ ನಿಮ್ಮನ್ನು ನೀವೇ ಗಮನಿಸಿ. ತಿರುವಿನಲ್ಲಿ ಕನ್ನಡಿ ನೋಡಲು ಗಾಜು ಇಳಿಸುತ್ತಿದ್ದೀರಾ? ಕಾರು ಹಿಂದಕ್ಕೆ ತೆಗೆಯುವಾಗ ಬಾಗಿಲು ತೆರೆದು ಇಣುಕುತ್ತಿದ್ದೀರಾ? ಬಲಗಡೆಯಿಂದ ಬಂದ ಬೈಕ್ ತೀರ ಹತ್ತಿರಕ್ಕೆ ಬಂದ ಮೇಲೆ ಕಂಡಿತೇ? ಒಂದು ಸಲ ಹೀಗಾದರೆ ಕಣ್ಣಿನ ವೈದ್ಯರ ಬಳಿ ಹೋಗಿ. ಎರಡನೆಯ ಸಲವೂ ಆದರೆ ವೈದ್ಯರಿಗಾಗಿ ಕಾಯದೆ ಬಲಗಾಜಿನ ಫಿಲ್ಮ್ ತೆಗೆಸಿ.

ತೆಗೆಸುವುದನ್ನು ಮನೆಯಲ್ಲಿ ಮಾಡಬೇಡಿ. ಹಬೆ ಹಾಯಿಸಿ ಅಂಟು ಸಡಿಲಿಸಿ ನಿಧಾನವಾಗಿ ಎಳೆಯಬೇಕು. ಸೆಕೆಂಡ್‌ಹ್ಯಾಂಡ್ ಕಾರಿನ ಹಿಂಗಾಜಿಗೆ ಹಿಂದಿನ ಮಾಲೀಕರು ಹಾಕಿಸಿದ ಫಿಲ್ಮ್ ಇದ್ದರೆ ಇನ್ನೂ ಜಾಗ್ರತೆ ಬೇಕು: ಒಳಮೈಯಲ್ಲಿರುವ ಡೀಫಾಗರ್ (ಗಾಜಿನ ಮಂಜು ಕರಗಿಸುವ) ತಂತಿಗೆರೆಗಳು ಬ್ಲೇಡ್ ತಾಗಿದರೆ ಕಿತ್ತುಬರುತ್ತವೆ, ಕೆಲವು ಕಾರುಗಳಲ್ಲಿ ರೇಡಿಯೊ ಆಂಟೆನಾ ಕೂಡ ಅದೇ ಗಾಜಿನಲ್ಲಿರುತ್ತದೆ. ಗೆರೆಗಳ ಉದ್ದಕ್ಕೇ ಎಳೆಯಲು ಹೇಳಿ, ಅಡ್ಡಕ್ಕೆ ಅಲ್ಲ. ಕೆಲಸ ಮುಗಿದ ಮೇಲೆ ಅಂಗಡಿಯಿಂದ ಹೊರಡುವ ಮುಂಚೆಯೇ ಡೀಫಾಗರ್ ಹಾಕಿ, ಪ್ರತಿ ಗೆರೆಯೂ ಬಿಸಿಯಾಗುತ್ತಿದೆಯೇ ಎಂದು ಬೆರಳಿಟ್ಟು ನೋಡಿ.